ಆರ್. ಕೆ. ಲಕ್ಷ್ಮಣ್ (1921–2015): ಜೀವನ ಮತ್ತು ಚಿತ್ರಾಭ್ಯಾಸ

ಭಾರತದ ವ್ಯಂಗ್ಯಚಿತ್ರ ಕಲೆಗೆ ವಿಶಿಷ್ಟ ಸ್ಥಾನವನ್ನು ದೊರಕಿಸಿಕೊಟ್ಟ ಮಹನೀಯರಲ್ಲಿ ಮೈಸೂರಿನವರಾದ ಶ್ರೀ ಆರ್. ಕೆ. ಲಕ್ಷ್ಮಣ್ ಅವರು ಅಗ್ರಗಣ್ಯರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪ್ರತಿದಿನವೂ ಪತ್ರಿಕೆಯ ಪುಟದಲ್ಲಿ ಕಾಣಿಸಿಕೊಂಡ ಇವರ ಶ್ರೀಸಾಮಾನ್ಯನು, ಕಚೇರಿಯ ಹೊರಗೆ ಸರದಿಯಲ್ಲಿ ನಿಂತ, ಅರ್ಜಿಯನ್ನು ಕೈಯಲ್ಲಿ ಹಿಡಿದ, ಉತ್ತರಕ್ಕಾಗಿ ಕಾಯುವ ಕೋಟ್ಯಂತರ ನಾಗರಿಕರ ಪ್ರತಿನಿಧಿಯಾದನು. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸಾರ್ವಜನಿಕರಿಗೂ, ಚಿತ್ರಕಲೆಯಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗೂ ಉಪಯುಕ್ತವಾಗಲೆಂಬ ಉದ್ದೇಶದಿಂದ ಇವರ ಜೀವನ, ಚಿತ್ರಾಭ್ಯಾಸದ ಕ್ರಮ ಮತ್ತು ಪ್ರೇರಣೆಗಳನ್ನು ಇಲ್ಲಿ ಸಂಗ್ರಹವಾಗಿ ನೀಡಲಾಗಿದೆ.

ಸಂಕ್ಷಿಪ್ತ ವಿವರ

ಪೂರ್ಣ ಹೆಸರು: ರಾಶಿಪುರಂ ಕೃಷ್ಣಸ್ವಾಮಿ ಅಯ್ಯರ್ ಲಕ್ಷ್ಮಣ್
ಜನನ: 24 ಅಕ್ಟೋಬರ್ 1921, ಮೈಸೂರು
ವಿದ್ಯಾಭ್ಯಾಸ: ಬಿ.ಎ., ಮಹಾರಾಜ ಕಾಲೇಜು, ಮೈಸೂರು
ವೃತ್ತಿ: ವ್ಯಂಗ್ಯಚಿತ್ರಕಾರರು, ಲೇಖಕರು
ಪ್ರಸಿದ್ಧ ಚಿತ್ರಮಾಲೆ: ಯೂ ಸೆಡ್ ಇಟ್ (1951ರಿಂದ)
ನಿಧನ: 26 ಜನವರಿ 2015, ಪುಣೆ

ಜನನ ಮತ್ತು ಕುಟುಂಬ

ಲಕ್ಷ್ಮಣ್ ಅವರು ಮೈಸೂರಿನ ತಮಿಳು ಮಾತೃಭಾಷೆಯ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಕೃಷ್ಣಸ್ವಾಮಿ ಅಯ್ಯರ್ ಅವರು ಶಾಲಾ ಮುಖ್ಯೋಪಾಧ್ಯಾಯರು, ಶಿಸ್ತಿಗೆ ಹೆಸರಾದವರು. ಆರು ಮಂದಿ ಗಂಡುಮಕ್ಕಳಲ್ಲಿ ಲಕ್ಷ್ಮಣ್ ಅವರೇ ಕಿರಿಯರು. ಇಂಗ್ಲಿಷ್ ಭಾಷೆಯ ಖ್ಯಾತ ಕಾದಂಬರಿಕಾರರೂ ಮಾಲ್ಗುಡಿ ಎಂಬ ಕಲ್ಪಿತ ಊರಿನ ಸೃಷ್ಟಿಕರ್ತರೂ ಆದ ಆರ್. ಕೆ. ನಾರಾಯಣ್ (1906–2001) ಅವರು ಇವರ ಅಣ್ಣ. ಮನೆಯಲ್ಲಿ ಪುಸ್ತಕಗಳಿಗೂ ಪತ್ರಿಕೆಗಳಿಗೂ ಕೊರತೆಯಿರಲಿಲ್ಲ. ಅಣ್ಣಂದಿರ ಓದು, ಚರ್ಚೆ, ಆಟಪಾಟಗಳ ನಡುವೆ ಕಿರಿಯ ಮಗನಾಗಿ ಬೆಳೆದ ಲಕ್ಷ್ಮಣ್ ಅವರಿಗೆ ತಮ್ಮಷ್ಟಕ್ಕೆ ತಾವು ಸುತ್ತಲಿನದನ್ನು ನೋಡುತ್ತ ಕುಳಿತುಕೊಳ್ಳುವ ಅವಕಾಶ ಧಾರಾಳವಾಗಿ ದೊರೆಯಿತು.

ಬಾಲ್ಯದಲ್ಲಿಯೇ ತಂದೆಯವರು ಪಾರ್ಶ್ವವಾಯು ಪೀಡಿತರಾಗಿ, ಸುಮಾರು ಒಂದು ವರ್ಷದ ನಂತರ ತೀರಿಕೊಂಡರು. ಕುಟುಂಬದ ಜವಾಬ್ದಾರಿಯನ್ನು ಹಿರಿಯರು ಹೊತ್ತುಕೊಂಡುದರಿಂದ ಲಕ್ಷ್ಮಣ್ ಅವರ ವಿದ್ಯಾಭ್ಯಾಸಕ್ಕೆ ಭಂಗ ಬರಲಿಲ್ಲ. ಈ ಅವಧಿಯಲ್ಲಿ ಇವರು ಬೀದಿಯ ಹುಡುಗರ ಕ್ರಿಕೆಟ್ ತಂಡದ ನಾಯಕರೂ ಆಗಿದ್ದರು. ತಮ್ಮನ ಈ ಚಟುವಟಿಕೆಗಳನ್ನು ಗಮನಿಸುತ್ತಿದ್ದ ನಾರಾಯಣ್ ಅವರು ಅವುಗಳನ್ನೇ ಆಧರಿಸಿ ದೋಡು ಎಂಬ ಹುಡುಗನ ಕಥೆಯನ್ನೂ ಕ್ರಿಕೆಟ್ ಸಂಘವೊಂದರ ಕಥೆಯನ್ನೂ ಬರೆದರು. ಹೀಗೆ ಲಕ್ಷ್ಮಣ್ ಅವರು ಚಿತ್ರಕಾರರಾಗುವ ಮೊದಲೇ ಅಣ್ಣನ ಕಥೆಯ ಪಾತ್ರವಾದರು.

ಅಕ್ಷರಕ್ಕಿಂತ ಮೊದಲು ಚಿತ್ರ

ಓದಲು ಕಲಿಯುವ ಮುನ್ನವೇ ಲಕ್ಷ್ಮಣ್ ಅವರು ಚಿತ್ರಗಳನ್ನು ನೋಡಲು ಕಲಿತರು. ಮನೆಗೆ ಬರುತ್ತಿದ್ದ ಸ್ಟ್ರ್ಯಾಂಡ್, ಪಂಚ್, ಬೈಸ್ಟ್ಯಾಂಡರ್, ಟಿಟ್‌ಬಿಟ್ಸ್ ಮೊದಲಾದ ಆಂಗ್ಲ ನಿಯತಕಾಲಿಕಗಳಲ್ಲಿದ್ದ ಚಿತ್ರಗಳು ಬಾಲಕನ ಗಮನವನ್ನು ಸೆಳೆದುಕೊಂಡವು. ಕಥೆ ಏನೆಂದು ತಿಳಿಯದಿದ್ದರೂ ಚಿತ್ರದಲ್ಲಿರುವ ವ್ಯಕ್ತಿಯ ನಿಲುವು, ಬಟ್ಟೆಯ ಮಡಿಕೆ, ಮುಖದ ಭಾವ ಇವುಗಳಿಂದಲೇ ಸನ್ನಿವೇಶವನ್ನು ಊಹಿಸಿಕೊಳ್ಳುವ ಅಭ್ಯಾಸ ಆಗಲೇ ಬೆಳೆಯಿತು. ಮಾತಿನ ನೆರವಿಲ್ಲದೆ ಚಿತ್ರವೇ ವಿಷಯವನ್ನು ಹೇಳಬೇಕು ಎಂಬ ತತ್ತ್ವವು ಮುಂದೆ ಇವರ ಕೆಲಸದ ತಳಹದಿಯಾಯಿತು.

ಮನೆಯ ನೆಲ, ಗೋಡೆ ಮತ್ತು ಬಾಗಿಲುಗಳೇ ಇವರ ಮೊದಲ ಹಲಗೆಗಳು. ಸೀಮೆಸುಣ್ಣ, ಇದ್ದಿಲು, ಪೆನ್ಸಿಲು, ಯಾವುದು ಕೈಗೆ ಸಿಕ್ಕಿದರೂ ಚಿತ್ರ ಮೂಡುತ್ತಿತ್ತು. ಶಾಲೆಯಲ್ಲಿ ಉಪಾಧ್ಯಾಯರ ವಿಕಟಚಿತ್ರಗಳನ್ನು ಬಿಡಿಸುತ್ತಿದ್ದುದುಂಟು. ಒಮ್ಮೆ ತರಗತಿಯಲ್ಲಿ ಎಲೆಯೊಂದರ ಚಿತ್ರವನ್ನು ಬರೆಯಲು ಉಪಾಧ್ಯಾಯರು ಸೂಚಿಸಿದಾಗ ಲಕ್ಷ್ಮಣ್ ಅವರು ಅರಳಿ ಎಲೆಯನ್ನು ಬರೆದರು. ಉಪಾಧ್ಯಾಯರು ಅದನ್ನು ಮೆಚ್ಚಿಕೊಂಡರು. ಆ ಒಂದು ಮೆಚ್ಚುಗೆಯಿಂದ ತಾವು ಚಿತ್ರಕಾರರಾಗಬಲ್ಲೆವೆಂಬ ಭಾವನೆ ಮೊದಲ ಬಾರಿಗೆ ಮನಸ್ಸಿನಲ್ಲಿ ನೆಲೆಗೊಂಡಿತೆಂದು ಲಕ್ಷ್ಮಣ್ ಅವರು ಮುಂದೆ ಸ್ಮರಿಸಿಕೊಂಡಿದ್ದಾರೆ. ಹಳ್ಳಿಯ ಮಕ್ಕಳಿಗೆ ಚಿರಪರಿಚಿತವಾದ ಅರಳಿ ಎಲೆಯ ಉದ್ದನೆಯ ತುದಿ, ನಡುವಿನ ನರ ಮತ್ತು ಅದರಿಂದ ಎರಡೂ ಬದಿಗೆ ಹರಡುವ ಸಣ್ಣ ನರಗಳನ್ನು ಗಮನಿಸದೆ ಆ ಎಲೆಯನ್ನು ಬರೆಯಲಾಗದು. ಗಮನಿಸುವುದೇ ಚಿತ್ರಕಲೆಯ ಮೊದಲ ಪಾಠ ಎಂಬುದಕ್ಕೆ ಈ ಪ್ರಸಂಗ ಉತ್ತಮ ನಿದರ್ಶನವಾಗಿದೆ.

ಕಿಟಕಿಯಾಚೆಯ ಲೋಕ ಮತ್ತು ಕಾಗೆ

ಲಕ್ಷ್ಮಣ್ ಅವರ ಚಿತ್ರಾಭ್ಯಾಸಕ್ಕೆ ನಿಶ್ಚಿತವಾದ ಪಠ್ಯಕ್ರಮವಿರಲಿಲ್ಲ. ತಮ್ಮ ಕೋಣೆಯ ಕಿಟಕಿಯಿಂದ ಕಾಣುವುದೆಲ್ಲವೂ ಇವರಿಗೆ ಅಭ್ಯಾಸದ ವಸ್ತುವಾಗಿತ್ತು. ಒಣಗಿದ ಕಡ್ಡಿಗಳು, ಉದುರಿದ ಎಲೆಗಳು, ಹಲ್ಲಿಯಂತಹ ಹರಿದಾಡುವ ಜೀವಿಗಳು, ಸೌದೆ ಒಡೆಯುವ ಆಳು, ಎದುರಿನ ಮನೆಯ ಚಾವಣಿಯ ಮೇಲೆ ಬಗೆಬಗೆಯ ಭಂಗಿಗಳಲ್ಲಿ ಕುಳಿತ ಕಾಗೆಗಳು, ಇವೆಲ್ಲವನ್ನೂ ಮತ್ತೆ ಮತ್ತೆ ಬರೆದು ಇವರು ಕೈಯನ್ನು ಪಳಗಿಸಿಕೊಂಡರು. ಈ ವಿವರಗಳನ್ನು 1998ರಲ್ಲಿ ಪ್ರಕಟವಾದ ದಿ ಟನಲ್ ಆಫ್ ಟೈಮ್ ಎಂಬ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಇವುಗಳಲ್ಲಿ ಕಾಗೆಗೆ ವಿಶೇಷ ಸ್ಥಾನವಿದೆ. ಹಸಿರು ಎಲೆಗಳ ನಡುವೆ, ನೀಲಿ ಆಕಾಶದ ಎದುರು, ಅಚ್ಚ ಕಪ್ಪಾಗಿ ಎದ್ದು ಕಾಣುವ ಈ ಹಕ್ಕಿಯು ಎಳವೆಯಲ್ಲಿಯೇ ಇವರ ಕಣ್ಣನ್ನು ಸೆಳೆಯಿತು. ಅಂದವಿಲ್ಲವೆಂದು ಸಾಮಾನ್ಯವಾಗಿ ಕಡೆಗಣಿಸಲ್ಪಡುವ ಕಾಗೆಯಲ್ಲಿ ಲಕ್ಷ್ಮಣ್ ಅವರು ಚುರುಕುತನವನ್ನೂ ಜಾಣ್ಮೆಯನ್ನೂ ಕಂಡರು. ಕಾಗೆಯು ತಲೆಯನ್ನು ಓರೆಯಾಗಿಸಿ ನೋಡುವುದು, ಹಾರುವ ಮುನ್ನ ಕಾಲನ್ನು ಮಡಿಸುವುದು, ಮಳೆಯಲ್ಲಿ ನೆನೆದು ಮುದುಡಿ ಕೂರುವುದು ಇವೆಲ್ಲವೂ ಕೆಲವೇ ಗೆರೆಗಳಲ್ಲಿ ಹಿಡಿಯಬೇಕಾದ ಭಂಗಿಗಳು. ಹಕ್ಕಿಯು ಚಿತ್ರಕಾರನಿಗಾಗಿ ಕಾಯುವುದಿಲ್ಲ. ಆದುದರಿಂದ ಬೇಗನೆ ನೋಡಿ, ನೆನಪಿನಲ್ಲಿಟ್ಟುಕೊಂಡು, ಬೇಗನೆ ಬರೆಯುವ ಸಾಮರ್ಥ್ಯವನ್ನು ಕಾಗೆಗಳೇ ಇವರಿಗೆ ಕಲಿಸಿದವೆನ್ನಬಹುದು. ದಿನವೂ ಗಡುವಿನೊಳಗೆ ಚಿತ್ರವನ್ನು ಮುಗಿಸಬೇಕಾದ ಪತ್ರಿಕಾ ವೃತ್ತಿಗೆ ಈ ಅಭ್ಯಾಸವು ಅನುಕೂಲವಾಯಿತು.

ಶನಿದೇವರ ವಾಹನವೆಂದೂ, ಪಿತೃಕಾರ್ಯದಲ್ಲಿ ಅನ್ನವನ್ನು ಸ್ವೀಕರಿಸುವ ಹಕ್ಕಿಯೆಂದೂ ಕಾಗೆಯನ್ನು ಭಾವಿಸುವ ಸಂಪ್ರದಾಯವನ್ನು ಪಾವಗಡದ ಶನಿಮಹಾತ್ಮ ದೇವಾಲಯಕ್ಕೆ ಬರುವ ಭಕ್ತಾದಿಗಳು ಬಲ್ಲರು. ಲಕ್ಷ್ಮಣ್ ಅವರಿಗೂ ಈ ನಂಬಿಕೆಗಳ ಪರಿಚಯ ಮನೆಯಲ್ಲಿಯೇ ಆಯಿತು. ಪ್ರಸಿದ್ಧರಾದ ನಂತರವೂ ಇವರು ಕಾಗೆಯನ್ನು ಕೈಬಿಡಲಿಲ್ಲ. ರಾಜಕೀಯ ವ್ಯಂಗ್ಯಚಿತ್ರಗಳ ಬಿಡುವಿನಲ್ಲಿ ಅಸಂಖ್ಯ ಕಾಗೆಗಳನ್ನು ರೇಖೆಯಲ್ಲಿಯೂ ಬಣ್ಣದಲ್ಲಿಯೂ ಬರೆದರು; ಅವುಗಳ ಪ್ರದರ್ಶನಗಳೂ ನಡೆದವು. ಗಣಪತಿಯೂ ಇವರ ಮತ್ತೊಂದು ಮೆಚ್ಚಿನ ವಸ್ತುವಾಗಿದ್ದನು.

ಡೇವಿಡ್ ಲೋ ಅವರ ಪ್ರಭಾವ

ಲಕ್ಷ್ಮಣ್ ಅವರು ಗುರುವೆಂದು ಪರಿಗಣಿಸಬಹುದಾದ ಚಿತ್ರಕಾರರು ಸರ್ ಡೇವಿಡ್ ಲೋ (1891–1963). ನ್ಯೂಜಿಲೆಂಡಿನಲ್ಲಿ ಜನಿಸಿ ಲಂಡನ್ನಿನಲ್ಲಿ ಖ್ಯಾತರಾದ ಲೋ ಅವರ ರಾಜಕೀಯ ವ್ಯಂಗ್ಯಚಿತ್ರಗಳು ಮದರಾಸಿನ ಹಿಂದೂ ಪತ್ರಿಕೆಯಲ್ಲಿ ಮರುಮುದ್ರಣಗೊಳ್ಳುತ್ತಿದ್ದವು. ಮೈಸೂರಿನ ಬಾಲಕನು ಅವುಗಳನ್ನು ಎಡೆಬಿಡದೆ ನೋಡುತ್ತಿದ್ದನು. ಚಿತ್ರದ ಮೂಲೆಯಲ್ಲಿದ್ದ ಸಹಿಯನ್ನು ಸರಿಯಾಗಿ ಓದಲಾಗದೆ, ಬಹಳ ಕಾಲ ಅದನ್ನು ಇಂಗ್ಲಿಷಿನಲ್ಲಿ ಹಸು ಎಂಬ ಅರ್ಥದ ಕೌ ಎಂಬ ಪದವೆಂದೇ ತಿಳಿದಿದ್ದುದಾಗಿ ಲಕ್ಷ್ಮಣ್ ಅವರು ಹೇಳಿಕೊಂಡಿದ್ದಾರೆ.

ಲೋ ಅವರು ಲೇಖನಿಗಿಂತ ಕುಂಚವನ್ನು ಹೆಚ್ಚಾಗಿ ಬಳಸುತ್ತಿದ್ದರು. ಕುಂಚದ ಒಂದೇ ಎಳೆತದಲ್ಲಿ ಗೆರೆಯು ದಪ್ಪದಿಂದ ತೆಳುವಿಗೂ, ತೆಳುವಿನಿಂದ ದಪ್ಪಕ್ಕೂ ಸಾಗುತ್ತದೆ. ದೇಹದ ಭಾರ, ಬಟ್ಟೆಯ ಜೋಲು, ನೆರಳು ಎಲ್ಲವೂ ಆ ಒಂದೇ ಗೆರೆಯಲ್ಲಿ ಸೂಚಿತವಾಗುತ್ತವೆ. ಅಂದಿನ ಪತ್ರಿಕೆಗಳಲ್ಲಿ ರೇಖಾಚಿತ್ರಗಳನ್ನು ಸತುವಿನ ಅಚ್ಚುಗಳಾಗಿ ಮಾಡಿ ಒರಟು ಕಾಗದದ ಮೇಲೆ ಮುದ್ರಿಸುತ್ತಿದ್ದುದರಿಂದ ನವಿರಾದ ಗೆರೆಗಳು ಅಳಿಸಿಹೋಗುತ್ತಿದ್ದವು, ಇಲ್ಲವೇ ಶಾಯಿ ಹರಡಿ ಕಲೆಯಾಗುತ್ತಿದ್ದವು. ದಿಟ್ಟವಾದ ಕುಂಚರೇಖೆಯು ಇಂತಹ ಮುದ್ರಣದಲ್ಲಿಯೂ ಸ್ಪಷ್ಟವಾಗಿ ಉಳಿಯುತ್ತಿತ್ತು. ಲಕ್ಷ್ಮಣ್ ಅವರೂ ಕುಂಚ ಮತ್ತು ಕಪ್ಪು ಶಾಯಿಯನ್ನೇ ಜೀವನಪರ್ಯಂತ ನೆಚ್ಚಿಕೊಂಡರು.

ತಿರಸ್ಕೃತವಾದ ಅರ್ಜಿ

ಪ್ರೌಢಶಾಲೆಯ ವಿದ್ಯಾಭ್ಯಾಸವನ್ನು ಮುಗಿಸಿದ ನಂತರ ಲಕ್ಷ್ಮಣ್ ಅವರು ಚಿತ್ರಕಲೆಯನ್ನು ಕ್ರಮಬದ್ಧವಾಗಿ ಕಲಿಯುವ ಆಸೆಯಿಂದ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಗೆ ಅರ್ಜಿ ಸಲ್ಲಿಸಿದರು. ಅರ್ಜಿಯೊಡನೆ ಕಳುಹಿಸಿದ ಚಿತ್ರಗಳನ್ನು ಪರಿಶೀಲಿಸಿದ ಶಾಲೆಯ ಮುಖ್ಯಸ್ಥರು, ಪ್ರವೇಶ ಪಡೆಯಲು ಬೇಕಾದ ಪ್ರತಿಭೆ ಆ ಚಿತ್ರಗಳಲ್ಲಿ ಕಂಡುಬರುವುದಿಲ್ಲವೆಂದು ತಿಳಿಸಿ ಪ್ರವೇಶವನ್ನು ನಿರಾಕರಿಸಿದರು. ಚಿತ್ರಕಲೆಯೊಂದನ್ನೇ ನೆಚ್ಚಿಕೊಂಡಿದ್ದ ಯುವಕನಿಗೆ ಇದು ಸಣ್ಣ ಪೆಟ್ಟಲ್ಲ.

ಆದರೆ ಲಕ್ಷ್ಮಣ್ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಮೈಸೂರಿನ ಮಹಾರಾಜ ಕಾಲೇಜನ್ನು ಸೇರಿ ಬಿ.ಎ. ಪದವಿಯನ್ನು ಪಡೆದರು. ಅದೇ ಅವಧಿಯಲ್ಲಿ ಅಣ್ಣ ನಾರಾಯಣ್ ಅವರು ಹಿಂದೂ ಪತ್ರಿಕೆಗೆ ಬರೆಯುತ್ತಿದ್ದ ಕಥೆಗಳಿಗೆ ಚಿತ್ರಗಳನ್ನು ಒದಗಿಸಿದರು; ಸ್ಥಳೀಯ ಪತ್ರಿಕೆಗಳಿಗೆ ರಾಜಕೀಯ ವ್ಯಂಗ್ಯಚಿತ್ರಗಳನ್ನೂ ಬರೆದರು. ಕಲಾಶಾಲೆಯಲ್ಲಿ ದೊರೆಯದ ತರಬೇತಿಯನ್ನು ಕಿಟಕಿಯಾಚೆಯ ಲೋಕದಿಂದಲೂ ಮುದ್ರಿತ ಪುಟದಿಂದಲೂ ಪಡೆದುಕೊಂಡರು. ಮುಂದೆ ಕೆಲವು ವರ್ಷಗಳ ನಂತರ ಅದೇ ಕಲಾಶಾಲೆಯು ಇವರನ್ನು ತನ್ನ ಸಮಾರಂಭಕ್ಕೆ ಗೌರವ ಅತಿಥಿಯಾಗಿ ಆಹ್ವಾನಿಸಿತು.

ಕೊರವಂಜಿ ಪತ್ರಿಕೆಯೊಡನೆ ಸಂಬಂಧ

ಕನ್ನಡ ಓದುಗರಿಗೆ ಲಕ್ಷ್ಮಣ್ ಅವರ ಪರಿಚಯವಾದುದು ಕೊರವಂಜಿ ಮಾಸಪತ್ರಿಕೆಯ ಮೂಲಕ. ರಾ.ಶಿ. ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಡಾ. ಎಂ. ಶಿವರಾಂ (1905–1984) ಅವರು ವೃತ್ತಿಯಿಂದ ವೈದ್ಯರು. ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶದಲ್ಲಿ ವೈದ್ಯಶಾಲೆಯನ್ನು ನಡೆಸುತ್ತಿದ್ದ ಇವರು 1942ರಲ್ಲಿ ಹಾಸ್ಯಕ್ಕೆ ಮೀಸಲಾದ ಕೊರವಂಜಿಯನ್ನು ಆರಂಭಿಸಿದರು. ಪತ್ರಿಕೆಯು 1967ರವರೆಗೆ ಇಪ್ಪತ್ತೈದು ವರ್ಷ ನಡೆಯಿತು. ಕನ್ನಡದ ಹಾಸ್ಯ ಲೇಖಕರ ಒಂದು ಪೀಳಿಗೆಯೇ ಇದರ ಪುಟಗಳಲ್ಲಿ ಬೆಳೆಯಿತು.

ಶಿವರಾಂ ಅವರು ಇನ್ನೂ ವಿದ್ಯಾರ್ಥಿಯಾಗಿದ್ದ ಲಕ್ಷ್ಮಣ್ ಅವರನ್ನು ಗುರುತಿಸಿ ಪ್ರೋತ್ಸಾಹಿಸಿದರು. ಕೊರವಂಜಿಗಾಗಿ ಲಕ್ಷ್ಮಣ್ ಅವರು ವ್ಯಂಗ್ಯಚಿತ್ರಗಳನ್ನು ಬರೆದರು. ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ಪಡಿತರ, ಸೀಮೆಎಣ್ಣೆಯ ಅಭಾವ, ಬೆಲೆಯೇರಿಕೆ ಇವು ಎಲ್ಲ ಮನೆಗಳ ಚಿಂತೆಯಾಗಿದ್ದವು. ದೊಡ್ಡ ಸಂಗತಿಗಳನ್ನು ಸಣ್ಣ ಮನೆಯೊಳಗಿನಿಂದ ನೋಡುವ ಕೊರವಂಜಿಯ ದೃಷ್ಟಿಗೂ, ಮುಂದೆ ಶ್ರೀಸಾಮಾನ್ಯನ ಚಿತ್ರಗಳಲ್ಲಿ ಕಂಡುಬರುವ ದೃಷ್ಟಿಗೂ ಸಾಮ್ಯವಿರುವುದನ್ನು ಗಮನಿಸಬಹುದಾಗಿದೆ.

ಮುಂಬಯಿಗೆ ಪ್ರಯಾಣ

ಪದವಿಯ ನಂತರ ಲಕ್ಷ್ಮಣ್ ಅವರು ಸ್ವರಾಜ್ಯ, ಬ್ಲಿಟ್ಜ್ ಮೊದಲಾದ ಪತ್ರಿಕೆಗಳಿಗೆ ಚಿತ್ರಗಳನ್ನು ಬರೆದರು. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಬೇಸಿಗೆಯ ಬಿಡುವಿನಲ್ಲಿ ಕೆಲಸ ಮಾಡಿದರು. ನಾರದರನ್ನು ಕುರಿತ ಚಲಿಸುವ ಚಿತ್ರದ ತಯಾರಿಕೆಯಲ್ಲಿಯೂ ಪಾಲ್ಗೊಂಡರು. ಬಳಿಕ ಮುಂಬಯಿಗೆ ತೆರಳಿ ಫ್ರೀ ಪ್ರೆಸ್ ಜರ್ನಲ್ ಪತ್ರಿಕೆಯಲ್ಲಿ ರಾಜಕೀಯ ವ್ಯಂಗ್ಯಚಿತ್ರಕಾರರಾಗಿ ಪೂರ್ಣಾವಧಿ ಕೆಲಸಕ್ಕೆ ಸೇರಿದರು. ಮುಂದೆ ರಾಜಕಾರಣಿಯಾಗಿ ಹೆಸರಾದ ಬಾಳ್ ಠಾಕ್ರೆ ಅವರು ಅಲ್ಲಿ ಇವರ ಸಹೋದ್ಯೋಗಿಯಾಗಿದ್ದರು.

1947ರಲ್ಲಿ ಲಕ್ಷ್ಮಣ್ ಅವರು ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯನ್ನು ಸೇರಿದರು. ದೇಶವು ಸ್ವತಂತ್ರವಾದ ವರ್ಷವೂ ಅದೇ. ಮುಂದಿನ ಐವತ್ತು ವರ್ಷಗಳಿಗೂ ಮೀರಿದ ಕಾಲ ಸ್ವತಂತ್ರ ಭಾರತದ ನಿತ್ಯಜೀವನದ ದಾಖಲೆಯು ಇವರ ಕುಂಚದಿಂದ ಮೂಡಿತು. 1954ರಲ್ಲಿ ಏಷ್ಯನ್ ಪೇಂಟ್ಸ್ ಸಂಸ್ಥೆಗಾಗಿ ಇವರು ರಚಿಸಿದ ಗಟ್ಟು ಎಂಬ ತುಂಟ ಹುಡುಗನ ಚಿತ್ರವು, ಕೈಯಲ್ಲಿ ಬಣ್ಣದ ಡಬ್ಬಿ ಮತ್ತು ಕುಂಚವನ್ನು ಹಿಡಿದು, ದೇಶದ ಊರೂರುಗಳ ಅಂಗಡಿಗಳ ಮುಂದೆ ದಶಕಗಳ ಕಾಲ ಕಾಣಿಸಿಕೊಂಡಿತು.

ಶ್ರೀಸಾಮಾನ್ಯನ ಜನನ

ಪತ್ರಿಕೆಯ ಒಂದು ಅಂಕಣದಷ್ಟೇ ಅಗಲದಲ್ಲಿ ದಿನವೂ ಪ್ರಕಟವಾಗುವ ಚಿಕ್ಕ ವ್ಯಂಗ್ಯಚಿತ್ರಕ್ಕೆ ಕಿರುಚಿತ್ರ ಅಥವಾ ಪಾಕೆಟ್ ಕಾರ್ಟೂನ್ ಎಂಬ ಹೆಸರಿದೆ. ಇಂಗ್ಲೆಂಡಿನ ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಆಸ್ಬರ್ಟ್ ಲ್ಯಾಂಕಾಸ್ಟರ್ ಅವರು 1939ರಲ್ಲಿ ಈ ಪದ್ಧತಿಯನ್ನು ರೂಢಿಗೆ ತಂದರು. ಲಕ್ಷ್ಮಣ್ ಅವರು 1951ರಲ್ಲಿ ಯೂ ಸೆಡ್ ಇಟ್ ಎಂಬ ಶೀರ್ಷಿಕೆಯಡಿ ಇಂತಹ ಚಿತ್ರಮಾಲೆಯನ್ನು ಆರಂಭಿಸಿದರು.

ಶ್ರೀಸಾಮಾನ್ಯನು ಒಂದೇ ದಿನದಲ್ಲಿ ರೂಪುಗೊಂಡವನಲ್ಲ. ಭಾರತದ ಜನರನ್ನು ಚಿತ್ರಿಸಬೇಕೆಂದಾಗ ಲಕ್ಷ್ಮಣ್ ಅವರು ಮೊದಮೊದಲು ಗುಂಪನ್ನೇ ಬರೆಯುತ್ತಿದ್ದರು. ಪೇಟ ಧರಿಸಿದವರು, ಟೊಪ್ಪಿ ಧರಿಸಿದವರು, ಪಂಚೆಯವರು, ಪೈಜಾಮದವರು, ಹೀಗೆ ಬೇರೆ ಬೇರೆ ಪ್ರಾಂತಗಳ ಜನರೆಲ್ಲರೂ ಚಿತ್ರದಲ್ಲಿ ಇರಬೇಕಾಗುತ್ತಿತ್ತು. ಆದರೆ ಗಡುವಿನೊಳಗೆ ಚಿತ್ರವನ್ನು ಮುಗಿಸುವ ಅವಸರದಲ್ಲಿ ಗುಂಪಿನಿಂದ ಒಬ್ಬೊಬ್ಬರನ್ನೇ ಕೈಬಿಡುವುದು ಅನಿವಾರ್ಯವಾಯಿತು. ಕ್ರಮೇಣ ಸಂಖ್ಯೆ ಕಡಿಮೆಯಾಗುತ್ತ ಬಂದು ಕೊನೆಗೆ ಒಬ್ಬನೇ ಉಳಿದನು. ಚೌಕಳಿಯ ಕೋಟು, ಪಂಚೆ, ಬೋಳು ತಲೆಯ ಬದಿಗಳಲ್ಲಿ ಒಂದಿಷ್ಟು ಕೂದಲು, ಪೊದೆಯಂತಹ ಮೀಸೆ, ಮೂಗಿನ ಮೇಲೆ ಕನ್ನಡಕ ಮತ್ತು ಸದಾ ಬೆರಗಿನಿಂದ ಮೇಲೇರಿದ ಹುಬ್ಬು ಇವು ಆತನ ಗುರುತುಗಳು. ಕಾಲದ ಅಭಾವವೂ ಕಲೆಗೆ ಉಪಕಾರಿಯಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿಯಾಗಿದೆ.

ಶ್ರೀಸಾಮಾನ್ಯನ ಅತ್ಯಂತ ಗಮನಾರ್ಹ ಲಕ್ಷಣವೆಂದರೆ ಆತನ ಮೌನ. ಮಂತ್ರಿಗಳು ಭಾಷಣ ಮಾಡುತ್ತಾರೆ. ಅಧಿಕಾರಿಗಳು ಕಡತಗಳ ರಾಶಿಯ ಹಿಂದಿನಿಂದ ವಿವರಣೆ ನೀಡುತ್ತಾರೆ. ಗುತ್ತಿಗೆದಾರರು ಕುಸಿದ ಸೇತುವೆಗೆ ಕಾರಣ ಹೇಳುತ್ತಾರೆ. ಮನೆಯಲ್ಲಿ ಆತನ ಪತ್ನಿ ತನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸುತ್ತಾಳೆ. ಶ್ರೀಸಾಮಾನ್ಯನು ಮಾತ್ರ ಒಂದು ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಾನೆ, ಕೇಳುತ್ತಾನೆ. ಕುಡಿಯುವ ನೀರು, ಗುಂಡಿಬಿದ್ದ ರಸ್ತೆ, ಬೆಲೆಯೇರಿಕೆ, ನಿಗದಿತ ದಿನದಂದು ದೊರೆಯದ ಕಾಗದಪತ್ರ, ಚುನಾವಣೆಯ ಆಶ್ವಾಸನೆ ಮುಂತಾದುವು ಈ ಚಿತ್ರಮಾಲೆಯ ನಿತ್ಯದ ವಿಷಯಗಳು. ಮಾತನಾಡದ ಆ ವ್ಯಕ್ತಿಯ ಮುಖವನ್ನು ನೋಡಿದ ಓದುಗನು ತಾನೇ ಆತನ ಪರವಾಗಿ ಮಾತನಾಡುತ್ತಿದ್ದನು. ಆಡಳಿತದಲ್ಲಿರುವವರಿಗೆ, ತಮ್ಮ ಮೇಜಿನ ಎದುರು ಸುಮ್ಮನೆ ನಿಂತಿರುವ ವ್ಯಕ್ತಿಯು ಎಲ್ಲವನ್ನೂ ಗಮನಿಸುತ್ತಿದ್ದಾನೆ ಎಂಬುದನ್ನು ಈ ಚಿತ್ರಗಳು ಪ್ರತಿದಿನ ನೆನಪಿಸಿದವು.

ದಿನಚರಿ ಮತ್ತು ರಚನಾ ಕ್ರಮ

ಲಕ್ಷ್ಮಣ್ ಅವರ ಕೆಲಸವು ಕಟ್ಟುನಿಟ್ಟಾದ ದಿನಚರಿಗೆ ಒಳಪಟ್ಟಿತ್ತು. ಬೆಳಿಗ್ಗೆ ಕಚೇರಿಗೆ ಬಂದೊಡನೆ ಪತ್ರಿಕೆಗಳನ್ನು ಓದುತ್ತಿದ್ದರು. ನಂತರದ ಹೊತ್ತು ಆಲೋಚನೆಗೆ ಮೀಸಲು. ಹೊರಗಿನಿಂದ ನೋಡುವವರಿಗೆ ಸುಮ್ಮನೆ ಕುಳಿತಂತೆ ಕಾಣುತ್ತಿದ್ದರೂ ಈ ಸಮಯವೇ ಅತ್ಯಂತ ಶ್ರಮದಾಯಕವಾದುದೆಂದು ಇವರು ಭಾವಿಸಿದ್ದರು. ವಿಷಯವು ಹೊಳೆದ ನಂತರ ಪೆನ್ಸಿಲಿನಿಂದ ರೂಪರೇಷೆಯನ್ನು ಹಾಕಿ, ಕುಂಚ ಮತ್ತು ಕಪ್ಪು ಶಾಯಿಯಿಂದ ಚಿತ್ರವನ್ನು ಪೂರ್ಣಗೊಳಿಸುತ್ತಿದ್ದರು. ಪುಟದ ದೊಡ್ಡ ರಾಜಕೀಯ ಚಿತ್ರ ಮತ್ತು ಚಿಕ್ಕ ಕಿರುಚಿತ್ರ ಎರಡನ್ನೂ ಇವರೇ ಬರೆಯುತ್ತಿದ್ದರು.

ವ್ಯಕ್ತಿಯ ವಿಕಟಚಿತ್ರವನ್ನು ರಚಿಸುವಾಗ ಮುಖದ ಪ್ರತಿಯೊಂದು ಅಂಗವನ್ನೂ ಹಿಗ್ಗಿಸುವುದು ಇವರ ಕ್ರಮವಲ್ಲ. ಆ ವ್ಯಕ್ತಿಯನ್ನು ಇತರರಿಂದ ಬೇರ್ಪಡಿಸುವ ಒಂದು ಲಕ್ಷಣವನ್ನು ಹುಡುಕಿ, ಅದನ್ನು ಮಾತ್ರ ಎತ್ತಿ ತೋರಿಸುತ್ತಿದ್ದರು. ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಟೊಪ್ಪಿಯಿಲ್ಲದೆ ಬೋಳು ತಲೆಯೊಡನೆ ಚಿತ್ರಿಸುತ್ತಿದ್ದುದು, ಇಂದಿರಾ ಗಾಂಧಿಯವರ ಮೂಗನ್ನು ಪ್ರಧಾನವಾಗಿ ತೋರಿಸುತ್ತಿದ್ದುದು ಇದಕ್ಕೆ ಉದಾಹರಣೆಗಳು. ಹಿನ್ನೆಲೆಯ ವಿವರಗಳಲ್ಲಿಯೂ ಅಷ್ಟೇ ಎಚ್ಚರಿಕೆಯಿತ್ತು. ಕಚೇರಿಯ ಕುರ್ಚಿ, ಹಳೆಯ ಪಂಖ, ಗೋಡೆಯ ಬಿರುಕು, ಗುಡಿಸಲಿನ ಹೊದಿಕೆ, ಗ್ರಾಮದ ಬಾವಿಕಟ್ಟೆ ಇವೆಲ್ಲವೂ ನೋಡಿ ಕಲಿತ ಕೈಯಿಂದ ಮೂಡಿದವು.

ಅಧಿಕಾರಸ್ಥರನ್ನು ವಿಡಂಬಿಸಿದರೂ ಇವರ ರೇಖೆಯಲ್ಲಿ ದ್ವೇಷವಿರಲಿಲ್ಲ. 1962ರ ಚೀನಾ ಯುದ್ಧದ ನಂತರ ತಮ್ಮನ್ನು ಕುರಿತು ಬರೆದ ಚಿತ್ರವೊಂದನ್ನು ಕಂಡ ನೆಹರೂ ಅವರು ಸ್ವತಃ ದೂರವಾಣಿ ಮಾಡಿ, ಅದರ ದೊಡ್ಡ ಪ್ರತಿಯೊಂದನ್ನು ಸಹಿಯೊಡನೆ ಕಳುಹಿಸಿಕೊಡುವಂತೆ ಕೋರಿದುದನ್ನು ಲಕ್ಷ್ಮಣ್ ಅವರು ಸಂತೋಷದಿಂದ ನೆನೆಯುತ್ತಿದ್ದರು. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯ ಅವಧಿಯಲ್ಲಿ ಪತ್ರಿಕೆಗಳ ಮೇಲೆ ನಿರ್ಬಂಧಗಳು ಜಾರಿಯಲ್ಲಿದ್ದುದರಿಂದ ವ್ಯಂಗ್ಯಚಿತ್ರಕಾರರ ಕೆಲಸ ಕಠಿಣವಾಯಿತು. ಲಕ್ಷ್ಮಣ್ ಅವರ ವೃತ್ತಿಜೀವನದ ಅತ್ಯಂತ ಕಷ್ಟದ ಕಾಲವೂ ಅದಾಗಿತ್ತು.

ಮಾಲ್ಗುಡಿ ಮತ್ತು ಕರ್ನಾಟಕ

ಮುಂಬಯಿಯಲ್ಲಿ ನೆಲೆಸಿದರೂ ಲಕ್ಷ್ಮಣ್ ಅವರ ಕಲೆಯ ಬೇರು ಮೈಸೂರಿನಲ್ಲಿಯೇ ಉಳಿಯಿತು. ನಾರಾಯಣ್ ಅವರ ಮಾಲ್ಗುಡಿಯ ಕಥೆಗಳಿಗೆ ಇವರು ಬರೆದ ಚಿತ್ರಗಳಲ್ಲಿ ಹೆಂಚಿನ ಮನೆಗಳು, ಜಗುಲಿಗಳು, ಜಟಕಾ ಗಾಡಿಗಳು, ಶಾಲೆಗೆ ಹೋಗುವ ಹುಡುಗರು ಕಂಡುಬರುತ್ತಾರೆ. ಶಂಕರನಾಗ್ ಅವರು ನಿರ್ದೇಶಿಸಿ, ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಹೆಚ್ಚಾಗಿ ಚಿತ್ರೀಕರಿಸಿದ ಮಾಲ್ಗುಡಿ ಡೇಸ್ ಧಾರಾವಾಹಿಯು 1980ರ ದಶಕದಲ್ಲಿ ದೂರದರ್ಶನದಲ್ಲಿ ಪ್ರಸಾರವಾದಾಗ, ಅದರ ಆರಂಭದಲ್ಲಿ ಕಾಣಿಸಿಕೊಳ್ಳುತ್ತಿದ್ದ ರೇಖಾಚಿತ್ರಗಳು ಲಕ್ಷ್ಮಣ್ ಅವರವೇ ಆಗಿದ್ದವು. ಕರ್ನಾಟಕ ಸರ್ಕಾರದ ಕೋರಿಕೆಯ ಮೇರೆಗೆ ನಾರಾಯಣ್ ಅವರು 1970ರ ದಶಕದಲ್ಲಿ ರಾಜ್ಯದಾದ್ಯಂತ ಸಂಚರಿಸಿ ಬರೆದ ಪ್ರವಾಸ ಗ್ರಂಥವು ದಿ ಎಮರಾಲ್ಡ್ ರೂಟ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಆ ಗ್ರಂಥದ ರೇಖಾಚಿತ್ರಗಳನ್ನೂ ಲಕ್ಷ್ಮಣ್ ಅವರೇ ಬರೆದರು. ತಮ್ಮ ಪತ್ನಿ ಕಮಲಾ ಲಕ್ಷ್ಮಣ್ ಅವರು ಬರೆದ, ಥಾಮಾ ಎಂಬ ಆನೆಮರಿಯ ಮಕ್ಕಳ ಕಥೆಗಳಿಗೂ ಚಿತ್ರಗಳನ್ನು ಒದಗಿಸಿದರು. ಇವಲ್ಲದೆ ದಿ ಹೋಟೆಲ್ ರಿವಿಯೆರಾ ಮತ್ತು ದಿ ಮೆಸೆಂಜರ್ ಎಂಬ ಕಾದಂಬರಿಗಳನ್ನು ರಚಿಸಿದ್ದಾರೆ.

ಪ್ರಶಸ್ತಿ ಪುರಸ್ಕಾರಗಳು

ಭಾರತ ಸರ್ಕಾರವು ಲಕ್ಷ್ಮಣ್ ಅವರಿಗೆ 1973ರಲ್ಲಿ ಪದ್ಮಭೂಷಣ ಮತ್ತು 2005ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನು ನೀಡಿ ಗೌರವಿಸಿತು. 1983ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಲಭಿಸಿತು. 1984ರಲ್ಲಿ ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳ ವಿಭಾಗದಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿಗೆ ಪಾತ್ರರಾದರು. ಮೈಸೂರು ವಿಶ್ವವಿದ್ಯಾನಿಲಯವು 2004ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನು ಪ್ರದಾನ ಮಾಡಿತು. ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ 150ನೆಯ ವರ್ಷದ ಅಂಗವಾಗಿ 1988ರಲ್ಲಿ ಹೊರತಂದ ಅಂಚೆ ಚೀಟಿಯಲ್ಲಿ ಶ್ರೀಸಾಮಾನ್ಯನ ಚಿತ್ರವಿತ್ತು. 2001ರಲ್ಲಿ ಪುಣೆಯ ಸಿಂಬಯಾಸಿಸ್ ಸಂಸ್ಥೆಯ ಆವರಣದಲ್ಲಿ ಶ್ರೀಸಾಮಾನ್ಯನ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಸಾಮಾನ್ಯವಾಗಿ ರಾಜರಿಗೂ ನಾಯಕರಿಗೂ ಮೀಸಲಾದ ಪೀಠವು ಪಂಚೆಯುಟ್ಟ ಒಬ್ಬ ಅನಾಮಿಕ ನಾಗರಿಕನಿಗೆ ದೊರೆತುದು ವಿಶೇಷ.

ಕೊನೆಯ ದಿನಗಳು

2003ರಲ್ಲಿ ಲಕ್ಷ್ಮಣ್ ಅವರು ಪಾರ್ಶ್ವವಾಯುವಿಗೆ ತುತ್ತಾಗಿ ದೇಹದ ಎಡಭಾಗವು ದುರ್ಬಲವಾಯಿತು. ಬಾಲ್ಯದಲ್ಲಿ ತಂದೆಯವರನ್ನು ಬಾಧಿಸಿದ ಕಾಯಿಲೆಯೇ ಇಳಿವಯಸ್ಸಿನಲ್ಲಿ ಇವರನ್ನೂ ಬಾಧಿಸಿತು. ಆದರೂ ಬಲಗೈಯಲ್ಲಿ ಶಕ್ತಿ ಇದ್ದಷ್ಟು ಕಾಲ ಚಿತ್ರ ಬರೆಯುವುದನ್ನು ಬಿಡಲಿಲ್ಲ. 2010ರಲ್ಲಿ ಮತ್ತೆ ಆಘಾತವಾಗಿ ಮಾತಿಗೂ ತೊಂದರೆಯಾಯಿತು. ತಮ್ಮ ಶ್ರೀಸಾಮಾನ್ಯನಿಗೆ ಒಂದು ಮಾತನ್ನೂ ಕೊಡದೆ ಎಲ್ಲವನ್ನೂ ಹೇಳಿಸಿದ ಕಲಾವಿದರು ತಮ್ಮ ಕೊನೆಯ ವರ್ಷಗಳನ್ನು ಬಹುಮಟ್ಟಿಗೆ ಮೌನದಲ್ಲಿ ಕಳೆದರು. 2015ರ ಜನವರಿ 26ರಂದು, ಗಣರಾಜ್ಯೋತ್ಸವದ ದಿ‌ನ, ತಮ್ಮ 93ನೆಯ ವಯಸ್ಸಿನಲ್ಲಿ ಪುಣೆಯಲ್ಲಿ ನಿಧನರಾದರು. ಶ್ರೀಸಾಮಾನ್ಯನ ಪ್ರತಿಮೆಯಿರುವ ಸಿಂಬಯಾಸಿಸ್ ಆವರಣದಲ್ಲಿ ಸಾರ್ವಜನಿಕರ ಅಂತಿಮ ದರ್ಶನಕ್ಕೆ ವ್ಯವಸ್ಥೆ ಮಾಡಲಾಗಿತ್ತು. ಸಕಲ ಸರ್ಕಾರಿ ಗೌರವಗಳೊಡನೆ ಅಂತ್ಯಕ್ರಿಯೆ ನೆರವೇರಿತು.

ಸ್ಥಳೀಯ ಪರಿಸರ ಮತ್ತು ಚಿತ್ರಾಭ್ಯಾಸ

ಲಕ್ಷ್ಮಣ್ ಅವರ ಜೀವನದಿಂದ ಚಿತ್ರಕಲೆಯ ವಿದ್ಯಾರ್ಥಿಗಳು ಗ್ರಹಿಸಬೇಕಾದ ಮುಖ್ಯ ಅಂಶವೆಂದರೆ, ಅಭ್ಯಾಸಕ್ಕೆ ಬೇಕಾದ ವಸ್ತುಗಳು ಪ್ರತಿಯೊಬ್ಬರ ಮನೆಯ ಸುತ್ತಲಲ್ಲಿಯೇ ಇರುತ್ತವೆ. ಇದಕ್ಕೆ ದುಬಾರಿಯಾದ ಸಲಕರಣೆಗಳು ಬೇಕಿಲ್ಲ. ಒಂದು ಪೆನ್ಸಿಲು, ಹಳೆಯ ಪುಸ್ತಕದ ಖಾಲಿ ಹಾಳೆಗಳು ಸಾಕು.

ಈ ನಾಲ್ಕೂ ತಾಲ್ಲೂಕುಗಳಲ್ಲಿ ಅಂತಹ ವಸ್ತುಗಳು ಹೇರಳವಾಗಿವೆ. ಮಧುಗಿರಿಯ ಏಕಶಿಲಾ ಬೆಟ್ಟವು ಬೆಳಗಿನ ಬಿಸಿಲಿನಲ್ಲಿ ಒಂದು ಬಗೆಯಾಗಿಯೂ ಸಂಜೆಯ ನೆರಳಿನಲ್ಲಿ ಮತ್ತೊಂದು ಬಗೆಯಾಗಿಯೂ ಕಾಣುತ್ತದೆ. ಬಂಡೆಯ ಮೈಮೇಲೆ ಏರಿಹೋಗುವ ಕೋಟೆಯ ಗೋಡೆಯನ್ನು ದೂರದಿಂದ ಬರೆಯುವುದು ದೃಷ್ಟಿಕ್ರಮದ ಉತ್ತಮ ಅಭ್ಯಾಸ. ಇದೇ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ನೆಗೆತವನ್ನು ಕಾಣಬಹುದು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಲಕ್ಷ್ಮಣ್ ಅವರಿಗೆ ಕಾಗೆಗಳು ಒದಗಿಸಿದ ಪಾಠವನ್ನು ಇಲ್ಲಿನ ಮಕ್ಕಳಿಗೆ ಈ ಹಕ್ಕಿಗಳು ಒದಗಿಸಬಲ್ಲವು. ಕೊರಟಗೆರೆಯ ಸಿದ್ಧರಬೆಟ್ಟ, ಜಯಮಂಗಲಿ ನದಿಯ ಪಾತ್ರ, ಪಾವಗಡದ ಗಿರಿದುರ್ಗ ಮತ್ತು ಕಡಲೆಕಾಯಿ ಹೊಲಗಳು, ವಾರದ ಸಂತೆ, ಬಸ್ ನಿಲ್ದಾಣ, ಇವೆಲ್ಲವೂ ಚಿತ್ರಕಾರರ ಪಾಠಶಾಲೆಗಳೇ.

ತಾಲ್ಲೂಕು ಕಚೇರಿಯ ಜಗುಲಿಯೂ ಇದಕ್ಕೆ ಹೊರತಲ್ಲ. ಪಹಣಿಗಾಗಿ, ಪಿಂಚಣಿಗಾಗಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ದೂರದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು, ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಂಡು ಕಾಯುವ ವೃದ್ಧರಲ್ಲಿ ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನು ಗುರುತಿಸುವುದು ಕಷ್ಟವಲ್ಲ. ಆತನ ಕೋಟು ಬೇರೆಯಾಗಿರಬಹುದು, ಹೆಗಲ ಮೇಲೆ ಟವೆಲ್ ಇರಬಹುದು. ನೋಟ ಮಾತ್ರ ಅದೇ. ಆ ನೋಟವನ್ನು ತಪ್ಪಿಲ್ಲದೆ ಬರೆಯಲು ಕಲಿತ ವಿದ್ಯಾರ್ಥಿಯು ಒಳ್ಳೆಯ ಚಿತ್ರಕಾರನಾಗುತ್ತಾನೆ. ಆ ನೋಟವನ್ನು ಗಮನಿಸಿ ವಿಳಂಬವಿಲ್ಲದೆ ಕೆಲಸವನ್ನು ಮಾಡಿಕೊಡುವ ನೌಕರನು ಒಳ್ಳೆಯ ಸೇವಕನಾಗುತ್ತಾನೆ. ಮೈಸೂರಿನ ಮನೆಯೊಂದರ ಕಿಟಕಿಯ ಬಳಿ ಕುಳಿತು ಕಾಗೆಗಳನ್ನು ಬರೆದ ಹುಡುಗನ ಜೀವನವು ಇಬ್ಬರಿಗೂ ಮಾರ್ಗದರ್ಶಕವಾಗಿದೆ.